ಫ್ರಾಸ್ಟ್ ಹೊದಿಕೆ ಕೊಳ್ಳುವಾಗ ದಪ್ಪ ನೋಡಬೇಡಿ, ಸೆರಗು ನೋಡಿ

ಹೂಬಿಟ್ಟ ಹಣ್ಣಿನ ಮರವನ್ನು ಫ್ರಾಸ್ಟ್‌ನಿಂದ, ಅಂದರೆ ಹೂವು ಹೆಪ್ಪುಗಟ್ಟುವಂಥ ಚಳಿಯಿಂದ, ಉಳಿಸಿಕೊಳ್ಳಲು ಕೈತೋಟದವರಿಗೆ ಏನೇನೋ ಮಾರುತ್ತಾರೆ. ಜಿಪ್ ಇರುವ ಚೀಲ, ಥಾನಿನಲ್ಲಿ ಬರುವ ನಾನ್‌ವೋವನ್ (ನೇಯದ) ಬಟ್ಟೆ, ಪ್ಲಾಸ್ಟಿಕ್ ಹಾಳೆ, ಸೀರಿಯಲ್ ಬಲ್ಬು, ಸ್ಪ್ರಿಂಕ್ಲರ್, ಮೇಣದ ಡಬ್ಬಿ, ಮರಕ್ಕೆ ಹೊಡೆಯುವ ದ್ರಾವಣ, ಥರ್ಮಾಮೀಟರ್: ಇಲ್ಲಿ ಪರಿಶೀಲಿಸಿರುವುದು ಇಷ್ಟನ್ನು. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದೇ ಒಂದು ವಸ್ತು ಕೊಳ್ಳುವುದಿದ್ದರೆ ಚದರ ಮೀಟರಿಗೆ 30 ಗ್ರಾಂ ತೂಗುವ, ನಾಲ್ಕೂ ಕಡೆ ನೆಲ ಮುಟ್ಟಿ ಇನ್ನೂ ಅರ್ಧ ಮೀಟರ್ ಉಳಿಯುವಷ್ಟು ಅಗಲದ ಬಿಳಿ ನಾನ್‌ವೋವನ್ ಬಟ್ಟೆ ಕೊಳ್ಳಿ. ಎರಡನೆಯದಕ್ಕೂ ಜಾಗವಿದ್ದರೆ ಥರ್ಮಾಮೀಟರ್. ಉಳಿದವೆಲ್ಲ ಇವೆರಡರ ನಂತರ. ಕೆಲವಂತೂ ಯಾವತ್ತಿಗೂ ಬೇಡ.

ಬಿಸಿ ಬರುವುದು ನೆಲದಿಂದ

ಮರಕ್ಕೊಂದು ಕಂಬಳಿ ಹೊದಿಸುತ್ತಿದ್ದೇವೆ ಅನ್ನುವ ಎಣಿಕೆಯಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಕಂಬಳಿಯೊಳಗಿನ ಮೈ ತಾನೇ ಬಿಸಿ ಹುಟ್ಟಿಸುತ್ತದೆ. ಮರಕ್ಕೆ ಆ ಶಕ್ತಿಯಿಲ್ಲ. ಹಗಲು ಬಿಸಿಲುಂಡ ಮಣ್ಣು ರಾತ್ರಿ ಬಿಟ್ಟುಕೊಡುವ ಶಾಖವೊಂದೇ ನಮ್ಮ ಬಂಡವಾಳ. ಮೋಡ ಇಲ್ಲದ, ಗಾಳಿ ಆಡದ, ಒಣಹವೆಯ ರಾತ್ರಿಯಲ್ಲಿ ತೋಟ ಚದರ ಮೀಟರಿಗೆ ಸುಮಾರು 50ರಿಂದ 100 ವ್ಯಾಟ್‌ನಷ್ಟು ಶಾಖವನ್ನು ಇನ್‌ಫ್ರಾರೆಡ್ ಕಿರಣವಾಗಿ ಆಕಾಶಕ್ಕೆ ಕಳೆದುಕೊಳ್ಳುತ್ತಿರುತ್ತದೆ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗಿಳಿದು ಅಲ್ಲೇ ನಿಲ್ಲುತ್ತದೆ. ತೆಳ್ಳಗಿನ ಹೂವು ನೇರ ಆಕಾಶಕ್ಕೆ ತೆರೆದುಕೊಂಡಿರುವುದರಿಂದ ಸುತ್ತಲಿನ ಗಾಳಿಗಿಂತಲೂ ಒಂದೆರಡು ಡಿಗ್ರಿ ಹೆಚ್ಚೇ ತಣ್ಣಗಾಗುತ್ತದೆ.

ಹೊದಿಕೆ ಆಗ ಮಾಡುವುದು ಎರಡು ಕೆಲಸ. ಹೂವು ಮತ್ತು ಆಕಾಶದ ನಡುವೆ ಅಡ್ಡ ನಿಲ್ಲುತ್ತದೆ; ನೆಲದಿಂದ ಏಳುವ ಬೆಚ್ಚನೆಯ ಗಾಳಿಯನ್ನು ಹಿಡಿದಿಡುತ್ತದೆ. ಎರಡನೆಯ ಕೆಲಸ ನಡೆಯಬೇಕಾದರೆ ಸೆರಗು ಸುತ್ತಲೂ ನೆಲಕ್ಕೆ ಕೂತಿರಬೇಕು. ನೆತ್ತಿಯ ಮೇಲೆ ಬಟ್ಟೆ ಹಾಕಿ ಕೆಳಗೆ ಕಾಂಡಕ್ಕೆ ಬಿಗಿದು ಕಟ್ಟಿದರೆ ನೆಲದ ಶಾಖ ಹೊರಗೇ ಉಳಿಯುತ್ತದೆ, ಒಳಗಿನ ಕೊಂಬೆಗಳು ತಮ್ಮಷ್ಟಕ್ಕೆ ತಣ್ಣಗಾಗುತ್ತಾ ಹೋಗುತ್ತವೆ. ದಪ್ಪ ಬಟ್ಟೆಯನ್ನು ಹೀಗೆ ಕಟ್ಟುವುದಕ್ಕಿಂತ ತೆಳ್ಳನೆಯದನ್ನು ನೆಲದವರೆಗೆ ಇಳಿಬಿಡುವುದು ಎಷ್ಟೋ ವಾಸಿ.

ಇನ್ನೊಂದು ಬಗೆಯ ಚಳಿಯಿದೆ. ದೂರದಿಂದ ತಣ್ಣನೆಯ ಗಾಳಿಯೇ ಬೀಸಿಕೊಂಡು ಬಂದು ಹಗಲು ರಾತ್ರಿ ಎನ್ನದೆ ಉಷ್ಣಾಂಶ ಸೊನ್ನೆಯ ಕೆಳಗಿಳಿಯುವುದು. ಆ ಗಾಳಿ ನೆಲದ ಶಾಖವನ್ನೂ ಹೊತ್ತೊಯ್ಯುತ್ತದೆ, ಬಟ್ಟೆಯನ್ನೂ ಎತ್ತುತ್ತದೆ. ಇಲ್ಲಿ ಪರಿಶೀಲಿಸಿದ ಯಾವ ವಸ್ತುವೂ ಅಂಥ ರಾತ್ರಿಗೆ ನೆಚ್ಚಿಕೊಳ್ಳುವಂಥದ್ದಲ್ಲ. ಪೊಟ್ಟಣದ ಮೇಲೆ ಎಷ್ಟು ಡಿಗ್ರಿ ಬರೆದಿದ್ದರೂ ಅದು ಗಾಳಿಯಿಲ್ಲದ ರಾತ್ರಿಯ ಲೆಕ್ಕ.

ಎಷ್ಟು ಡಿಗ್ರಿಗೆ ಹೂವು ಸಾಯುತ್ತದೆ

ಹೊದಿಕೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮೊಗ್ಗಿನ ಹಂತ. ಸೇಬಿನ ಮೊಗ್ಗು ತುದಿಯಲ್ಲಿ ಹಸಿರು ತೋರುವಾಗ ಮೈನಸ್ 7.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇದ್ದರೆ ನೂರಕ್ಕೆ ಹತ್ತು ಮೊಗ್ಗು ಸಾಯುತ್ತವೆ. ತೊಂಬತ್ತು ಸಾಯಬೇಕಾದರೆ ಮೈನಸ್ 12ಕ್ಕೆ ಇಳಿಯಬೇಕು. ಅದೇ ಸೇಬು ಪೂರ್ತಿ ಅರಳಿದಾಗ ಹತ್ತು ಸಾಯುವುದು ಮೈನಸ್ 2.2ಕ್ಕೆ, ತೊಂಬತ್ತು ಸಾಯುವುದು ಮೈನಸ್ 3.9ಕ್ಕೆ. ಚೆರ್ರಿಯೂ ಹೆಚ್ಚುಕಡಿಮೆ ಇಷ್ಟೇ. ಪೇರ್ ಮೈನಸ್ 2.2 ಮತ್ತು 4.4. ಪೀಚ್ ಅರಳಿದಾಗ ಮೈನಸ್ 2.8 ಮತ್ತು 4.4, ಏಪ್ರಿಕಾಟ್ ಮೈನಸ್ 2.8 ಮತ್ತು 5.6. ಎಸಳುದುರಿ ಪುಟ್ಟ ಕಾಯಿ ಕಾಣಿಸಿಕೊಂಡ ಮೇಲೆ ಅಪಾಯ ಕಳೆಯಿತು ಎಂದು ಬಟ್ಟೆ ಮಡಿಚಿಡುವವರಿದ್ದಾರೆ. ಆಗಲೂ ಸೇಬು, ಪೀಚ್ ಎರಡಕ್ಕೂ ಗೆರೆ ಮೈನಸ್ 2.2ರಲ್ಲೇ ಇರುತ್ತದೆ, ಪೀಚ್‌ಗಂತೂ ಹೂವಿಗಿಂತ ಕಾಯಿಯೇ ನಾಜೂಕು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಹತ್ತಕ್ಕೂ ತೊಂಬತ್ತಕ್ಕೂ ನಡುವಿನ ಅಂತರ. ಅರಳಿದ ಸೇಬಿಗೆ ಅದು ಎರಡು ಡಿಗ್ರಿಯೂ ಇಲ್ಲ. ಎರಡು ಡಿಗ್ರಿ ಕಾಪಾಡುವ, ಅಂದರೆ ಒಳಗನ್ನು ಹೊರಗಿಗಿಂತ ಅಷ್ಟು ಬೆಚ್ಚಗಿಡುವ, ಸಾಮಾನ್ಯ ಬಟ್ಟೆಗೆ ಇಷ್ಟು ಬೆಲೆ ಬರುವುದು ಇದರಿಂದಲೇ: ಅಷ್ಟರಲ್ಲೇ ಪೂರ್ತಿ ಫಸಲು ಹೋಗುವ ರಾತ್ರಿ ಚಿಕ್ಕ ನಷ್ಟದ ರಾತ್ರಿಯಾಗಿಬಿಡುತ್ತದೆ. ಜೊತೆಗೆ, ಸೇಬಿನ ಹೂವು ನೂರಕ್ಕೆ ಐದರಿಂದ ಹತ್ತು ಕಾಯಿಕಚ್ಚಿದರೂ ಮರ ತುಂಬುತ್ತದೆ, ಹಾಗಾಗಿ ಹತ್ತು ಹೂವು ಸತ್ತರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಚೆರ್ರಿಗೆ ಅಷ್ಟು ಧಾರಾಳವಿಲ್ಲ. ಒಳ್ಳೆಯ ಫಸಲಿಗೆ ಹೂವಿನ ದೊಡ್ಡ ಪಾಲೇ ಉಳಿಯಬೇಕು.

ಮಾವಿನ ಲೆಕ್ಕ ಬೇರೆ. ಅದರ ಹೂವು, ಪುಟ್ಟ ಕಾಯಿ ಸೊನ್ನೆಗೆ ಮೊದಲೇ, ನಾಲ್ಕು ಡಿಗ್ರಿ ಸುಮಾರಿನಲ್ಲಿ ಕೆಲವು ಗಂಟೆ ನಿಂತರೂ ಕೆಡಬಹುದು. ಮಾವಿಗೆ ಹೊದಿಕೆ ಹಾಕುವವರು ಫ್ರಾಸ್ಟ್ ಮುನ್ಸೂಚನೆಗೆ ಕಾಯಬಾರದು.

ಜಿಪ್ ಚೀಲ: ನೋಡಲು ಚೆಂದ, ಅಳತೆಯಲ್ಲಿ ಮೋಸ

ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಈ ಚೀಲಗಳು. ಮೇಲಿನಿಂದ ಇಳಿಸಿ, ಪಕ್ಕದ ಜಿಪ್ ಎಳೆದು, ಬುಡದಲ್ಲಿ ಲಾಡಿ ಬಿಗಿಯುವುದು. ಬಟ್ಟೆ ಸಾಮಾನ್ಯವಾಗಿ ಗಟ್ಟಿಯಾದದ್ದೇ ಇರುತ್ತದೆ, ಹೊಲಿಗೆಯೂ ಪರವಾಗಿಲ್ಲ. ಜಿಪ್ ನಿಜಕ್ಕೂ ಉಪಯೋಗದ್ದು. ಬೆಳಿಗ್ಗೆ ಬಿಚ್ಚಿ ಪಕ್ಕಕ್ಕೆ ಸರಿಸಿದರೆ ಜೇನ್ನೊಣ ಒಳಬರುತ್ತವೆ, ಇಡೀ ಹೊದಿಕೆ ಎತ್ತಿ ಇಳಿಸುವ ಶ್ರಮ ಇಲ್ಲ.

ತೊಂದರೆ ಇರುವುದು ಎರಡು ಕಡೆ. ಮೊದಲನೆಯದು ಅಳತೆ. ಹೆಚ್ಚಾಗಿ 'ಅಗಲ 1.8 ಮೀಟರ್' ಎಂದು ಬರೆದಿರುವುದು ಚೀಲವನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿದಾಗಿನ ಅಗಲ. ಅದರ ಸುತ್ತಳತೆ 3.6 ಮೀಟರ್, ದುಂಡಗೆ ತೆರೆದರೆ ವ್ಯಾಸ ಬರೀ 1.15 ಮೀಟರ್. 1.8 ಮೀಟರ್ ಹರಡಿದ ಮರಕ್ಕೆಂದು ತಂದವರು ಕೊಂಬೆಗಳನ್ನು ಬಗ್ಗಿಸಿ ತುರುಕುತ್ತಾರೆ, ಮೊಗ್ಗು ಉದುರುತ್ತದೆ, ಉಳಿದ ಹೂವು ಬಟ್ಟೆಗೆ ಒತ್ತಿಕೊಂಡು ಅಲ್ಲೇ ಹೆಪ್ಪುಗಟ್ಟುತ್ತದೆ. ಮರದ ಹರವನ್ನು 1.6ರಿಂದ ಗುಣಿಸಿ, ಚೀಲದ ಚಪ್ಪಟೆ ಅಗಲ ಅದಕ್ಕಿಂತ ಹೆಚ್ಚಿರಬೇಕು. 2 ಮೀಟರ್ ಹರವಿಗೆ ಕನಿಷ್ಠ 3.2 ಮೀಟರ್ ಅಗಲದ ಚೀಲ.

ಎರಡನೆಯದು ಆ ಲಾಡಿ. ಬಳಕೆಯ ಸೂಚನೆಯಲ್ಲೇ ಕಾಂಡಕ್ಕೆ ಬಿಗಿಯಿರಿ ಎಂದಿರುತ್ತದೆ, ಚಿತ್ರದಲ್ಲೂ ಹಾಗೇ ತೋರಿಸಿರುತ್ತಾರೆ. ನೆಲದ ಮರಕ್ಕೆ ಇದು ತಪ್ಪು. ಚೀಲ ಉದ್ದವಿದ್ದರೆ ಲಾಡಿಯನ್ನು ಎಳೆದು ತೆಗೆದು, ಬಾಯನ್ನು ಅಗಲಿಸಿ ನೆಲಕ್ಕೆ ಊರಿ. ಗಿಡ್ಡವಿದ್ದರೆ ಕೆಳಗೆ ಇನ್ನೊಂದು ಪಟ್ಟಿ ಬಟ್ಟೆ ಹೊಲಿದು ಸೇರಿಸಬೇಕು. ಕುಂಡದ ಗಿಡಕ್ಕೆ ಮಾತ್ರ ಲಾಡಿ ಸರಿ, ಆದರೆ ಕುಂಡವೂ ಚೀಲದೊಳಗೇ ಇರಬೇಕು; ಕುಂಡದ ಮಣ್ಣು ನೆಲದ ಮಣ್ಣಿಗಿಂತ ಬೇಗ ತಣ್ಣಗಾಗುತ್ತದೆ, ಬೇರು ಕೊಂಬೆಗಿಂತ ನಾಜೂಕು. ಹಗಲು ಬಿಸಿಲು ಬೀಳುವ ಗೋಡೆಯ ಪಕ್ಕಕ್ಕೆ ಕುಂಡ ಸರಿಸಿದರೆ ಚೀಲದಷ್ಟೇ ಲಾಭ ಪುಕ್ಕಟೆ.

ಆಳೆತ್ತರದ ಒಳಗಿನ ಎಳೆಯ ಮರ, ಕುಂಡದ ಗಿಡ: ಇಷ್ಟಕ್ಕೆ ಜಿಪ್ ಚೀಲ ತರಬಹುದು. ಅದಕ್ಕಿಂತ ದೊಡ್ಡದಕ್ಕೆ ಬೇಡ.

ಥಾನಿನ ಬಟ್ಟೆ

ಇದು ಪಾಲಿಪ್ರೊಪಿಲೀನ್ ಎಳೆಗಳನ್ನು ಶಾಖದಿಂದ ಒತ್ತಿ ಮಾಡಿದ, ನೇಯದ ಬಟ್ಟೆ. ಗಾಳಿ, ನೀರು, ಬೆಳಕು ಸ್ವಲ್ಪ ಸ್ವಲ್ಪ ಹಾಯುತ್ತವೆ. ತೂಕವನ್ನು ಜಿಎಸ್‌ಎಂನಲ್ಲಿ, ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಸಾಮಾನ್ಯವಾಗಿ ಸಿಗುವುದು ಮೂರು ಬಗೆ. 17 ಜಿಎಸ್‌ಎಂ ಬಟ್ಟೆ ಶೇ. 85ರಷ್ಟು ಬೆಳಕು ಬಿಡುತ್ತದೆ, ಒಂದೆರಡು ಡಿಗ್ರಿ ಕಾಯುತ್ತದೆ, ಮುಳ್ಳುಕೊಂಬೆಗೆ ಸಿಕ್ಕರೆ ಚಿಂದಿ. 30 ಜಿಎಸ್‌ಎಂ ಶೇ. 70ರಷ್ಟು ಬೆಳಕು ಬಿಟ್ಟು ಎರಡರಿಂದ ಮೂರು ಡಿಗ್ರಿ ಕಾಯುತ್ತದೆ. 50 ಜಿಎಸ್‌ಎಂ ಮೂರರಿಂದ ನಾಲ್ಕು ಡಿಗ್ರಿ ಕಾಯುತ್ತದೆ, ಆದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಒದ್ದೆಯಾದರೆ ಭಾರ ಕೊಂಬೆ ಬಗ್ಗಿಸುವಷ್ಟಾಗುತ್ತದೆ. ಇವೆಲ್ಲ ನೆಲದವರೆಗೆ ಇಳಿಬಿಟ್ಟಾಗಿನ ಮಾತು.

ನಮ್ಮ ಆಯ್ಕೆ 30. ಇನ್ನೂ ಕಟುವಾದ ರಾತ್ರಿ ಬಂದರೆ ಅದರ ಮೇಲೆ ಇನ್ನೊಂದು ಪದರ ಹಾಕಬಹುದು, ನಡುವೆ ನಾಲ್ಕು ಬೆರಳು ಸಂದು ಬಿಟ್ಟು. ಸಂದಿನಲ್ಲಿ ನಿಂತ ಗಾಳಿಯೂ ಕಾವಲಿಗೆ ಸೇರುವುದರಿಂದ ಒಂದೇ ದಪ್ಪ ಬಟ್ಟೆಗಿಂತ ಎರಡು ತೆಳು ಪದರ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಳ್ಳುವಾಗ ಬಿಸಿಲು ತಡೆಯುವ ಯುವಿ ಸಂಸ್ಕರಣೆ ಆಗಿದೆಯೇ ಎಂದು ಕೇಳಿ. ಆಗದ ಬಟ್ಟೆ ಒಂದೇ ಋತುವಿನಲ್ಲಿ ಪುಡಿಪುಡಿಯಾಗುತ್ತದೆ. ಹೊಲದ ಸಾಲುಗಳಿಗೆ ಮಾರುವ ಕ್ರಾಪ್ ಕವರ್ ಕೂಡ ಇದೇ ಜಾತಿ. ಅದು 17ರಿಂದ 20 ಜಿಎಸ್‌ಎಂ ಇರುವುದೇ ಹೆಚ್ಚು. ಎರಡು ಪದರವಾಗಿ ಬಳಸಿದರೆ ನಡೆಯುತ್ತದೆ. ಕಪ್ಪು ಬಟ್ಟೆ ಬೇಡ. ಅದು ಕಳೆ ತಡೆಗೆಂದು ನೆಲಕ್ಕೆ ಹಾಸುವಂಥದ್ದು.

ಅಳತೆ ಹೀಗೆ: ಮರದ ಎತ್ತರದ ಎರಡರಷ್ಟು, ಜೊತೆಗೆ ಹರವು, ಜೊತೆಗೆ ಒಂದು ಮೀಟರ್. 2.5 ಮೀಟರ್ ಎತ್ತರ, 3 ಮೀಟರ್ ಹರವಿನ ಮರಕ್ಕೆ 5 + 3 + 1, ಒಟ್ಟು 9 ಮೀಟರ್. ಎರಡೂ ದಿಕ್ಕಿಗೆ ಇಷ್ಟೇ ಬೇಕು, ಅಂದರೆ 9 ಮೀಟರಿನ ಚೌಕ. 30 ಜಿಎಸ್‌ಎಂನಲ್ಲಿ ಇದರ ತೂಕ ಒಣಗಿದ್ದಾಗ 2.4 ಕಿಲೋ, 50ರಲ್ಲಿ 4 ಕಿಲೋ. ಅಷ್ಟಗಲದ ಥಾನು ಸಿಗದಿದ್ದರೆ ಎರಡು ತುಂಡು ಜೋಡಿಸಿ. ಅಂಚುಗಳು 30 ಸೆಂಟಿಮೀಟರ್ ಒಂದರ ಮೇಲೊಂದು ಬರಲಿ, ಒಟ್ಟಿಗೆ ಸುರುಳಿ ಸುತ್ತಿ ಬಟ್ಟೆ ಕ್ಲಿಪ್ ಹಾಕಿ. ಬರೀ ಮೇಲಿಂದ ಮೇಲೆ ಹಾಸಿ ಬಿಟ್ಟರೆ ರಾತ್ರಿ ಜಾರಿ ನೆತ್ತಿಯಲ್ಲೇ ಬಾಯಿ ಬಿಡುತ್ತದೆ, ಕಾಪಾಡಿಟ್ಟ ಶಾಖವೆಲ್ಲ ಅಲ್ಲಿಂದ ಹೋಗುತ್ತದೆ.

ನಾಲ್ಕು ಮೀಟರ್ ದಾಟಿದ ಮರಕ್ಕೆ ಈ ಸಾಹಸ ಮಾಡದಿರುವುದೇ ಒಳ್ಳೆಯದು. ಕತ್ತಲಲ್ಲಿ ಏಣಿ ಹತ್ತಿ ಒದ್ದೆ ಬಟ್ಟೆ ಎಳೆಯುವುದು ಹಣ್ಣಿಗಿಂತ ದುಬಾರಿ ಬೀಳಬಹುದು. ಅಂಥ ಮರದಲ್ಲಿ ಕೈಗೆಟುಕುವ ಕೆಳಗಿನ ಕೊಂಬೆಗಳಿಗಷ್ಟೇ ಹೊದಿಸಿ. ಗಾಳಿಯಿಲ್ಲದ ರಾತ್ರಿ ಚಳಿ ದಟ್ಟವಾಗುವುದೂ ಕೆಳಗೇ. ನೆತ್ತಿಯ ಹೂವು ಎಷ್ಟೋ ಸಲ ತಾನಾಗಿ ಉಳಿಯುತ್ತದೆ.

ಚೌಕಟ್ಟು, ಗೂಟ, ಹೊತ್ತು

ಬಟ್ಟೆ ಹೂವಿಗೆ ತಾಗಬಾರದು. ತಾಗಿದ ಕಡೆ ಶಾಖ ನೇರವಾಗಿ ಹೊರಹೋಗುತ್ತದೆ, ಬಟ್ಟೆ ಒದ್ದೆಯಿದ್ದರೆ ಹೂವಿನ ಜೊತೆಗೇ ಹೆಪ್ಪುಗಟ್ಟುತ್ತದೆ. ಮರದ ಸುತ್ತ ನಾಲ್ಕು ಬಿದಿರ ಗಳ ಅಥವಾ 25 ಮಿಲಿಮೀಟರ್ ಪಿವಿಸಿ ಪೈಪು ಊರಿ. ನೆಲದೊಳಗೆ 40 ಸೆಂಟಿಮೀಟರ್ ಇಳಿಯಲಿ, ನೆತ್ತಿಗಿಂತ 30 ಸೆಂಟಿಮೀಟರ್ ಮೇಲಿರಲಿ. ಗಳದಿಂದ ಗಳಕ್ಕೆ ಸುತ್ತಲೂ, ಅಡ್ಡಡ್ಡಲಾಗಿ ಒಂದೆರಡು ಸಾಲು, ಸುತ್ಲಿ ಹಗ್ಗ ಬಿಗಿಯಿರಿ. ಗಳದ ತುದಿಗೆ ಹಳೆಯ ಕಾಲುಚೀಲ ತೊಡಿಸದಿದ್ದರೆ ಮೊದಲ ರಾತ್ರಿಯೇ ಬಟ್ಟೆ ತೂತಾಗುತ್ತದೆ. ಮೊಗ್ಗು ಬಿಗಿಯಾಗಿರುವಾಗಲೇ ಚೌಕಟ್ಟು ಎದ್ದಿರಬೇಕು. ಅರಳಿದ ಮೇಲೆ ಗಳ ಊರಲು ಹೋದರೆ ಮೊಣಕೈಗೆ ತಾಗಿಯೇ ಅರ್ಧ ಹೂವು ಉದುರುತ್ತದೆ.

ಸೆರಗಿಗೆ 60 ಸೆಂಟಿಮೀಟರಿಗೊಂದು ಇಟ್ಟಿಗೆ, ಇಲ್ಲವೇ 15ರಿಂದ 20 ಸೆಂಟಿಮೀಟರ್ ಉದ್ದದ ಯು ಆಕಾರದ ತಂತಿ. ತಂತಿಯನ್ನು ಬಟ್ಟೆಗೆ ನೇರ ಚುಚ್ಚಿದರೆ ಹರಿಯುತ್ತದೆ. ಅಂಚನ್ನು ಎರಡು ಸುತ್ತು ಮಡಚಿ ಅದರ ಮೇಲೆ ಹೊಡೆಯಿರಿ.

ಹೊದಿಸುವ ಹೊತ್ತು ಮುಖ್ಯ. ಮಲಗುವ ಮುಂಚೆ ನೆನಪಾಗಿ ಟಾರ್ಚ್ ಹಿಡಿದು ಹೋದರೆ ನೆಲದ ಶಾಖ ಅಷ್ಟರಲ್ಲಿ ಸಾಕಷ್ಟು ಸೋರಿ ಹೋಗಿರುತ್ತದೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಹೊದಿಸಿ. ತೀರಾ ಮುಂಚೆ, ಮಧ್ಯಾಹ್ನವೇ ಹೊದಿಸಿದರೂ ನಷ್ಟ. ಬಿಸಿಲು ನೆಲಕ್ಕೆ ಬೀಳುವುದಿಲ್ಲ. ರಾತ್ರಿಯ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ಬರುವುದು ಸೂರ್ಯ ಹುಟ್ಟುವ ಹೊತ್ತಿಗೆ, ಆದ್ದರಿಂದ ಬೆಳಕಾಯಿತೆಂದು ಅವಸರಪಟ್ಟು ಎತ್ತಬೇಡಿ. ಹೊರಗೆ ಎರಡು ಮೂರು ಡಿಗ್ರಿಗೆ ಏರಿ, ಬಟ್ಟೆಯ ಮೇಲಿನ ಹಿಮ ಕರಗಿದ ನಂತರ ತೆಗೆಯಿರಿ. ಹೆಪ್ಪುಗಟ್ಟಿದ ಬಟ್ಟೆಯನ್ನು ಎಳೆದರೆ ಹೂವು ಅದರ ಜೊತೆಗೇ ಬರುತ್ತದೆ.

ಹಗಲು ತೆಗೆಯಲೇಬೇಕು, ಕನಿಷ್ಠ ಒಂದು ಬದಿಯನ್ನಾದರೂ. ಜೇನ್ನೊಣ ಸುಮಾರು 10ರಿಂದ 12 ಡಿಗ್ರಿ ದಾಟಿದ ಮೇಲಷ್ಟೇ ಹೊರಡುತ್ತದೆ, ಅಂಥ ಹೊತ್ತು ಈ ದಿನಗಳಲ್ಲಿ ಕಮ್ಮಿ. ಅದನ್ನೂ ಬಟ್ಟೆಯೊಳಗೆ ಕಳೆದರೆ ಫ್ರಾಸ್ಟ್‌ನಿಂದ ಉಳಿದ ಹೂವು ಪರಾಗ ಸಿಗದೆ ಉದುರುತ್ತದೆ. ಚಳಿ ವಾರಗಟ್ಟಲೆ ಬಿಡದಿದ್ದರೆ ಮೃದುವಾದ ಕುಂಚ ಹಿಡಿದು ನಡುಹಗಲಲ್ಲಿ ಹೂವಿನಿಂದ ಹೂವಿಗೆ ಮುಟ್ಟಿಸುತ್ತಾ ಹೋಗುವುದು ಉಳಿದ ದಾರಿ. ಪೀಚ್, ಏಪ್ರಿಕಾಟ್‌ಗೆ ಇದು ಸುಲಭ, ಹೆಚ್ಚಿನ ತಳಿಗಳಿಗೆ ತಮ್ಮದೇ ಪರಾಗ ಸಾಕು. ಸೇಬಿಗೆ ಬೇರೆ ತಳಿಯ ಪರಾಗ ತರಬೇಕು.

ಬುಡದ ನೆಲ ಸಿದ್ಧವಿಲ್ಲದಿದ್ದರೆ ಎಂಥ ಬಟ್ಟೆಯೂ ಅರ್ಧ ಕೆಲಸವೇ ಮಾಡುವುದು. ಒಣ ಮಣ್ಣಿನ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ. ಅದು ಹಗಲು ಶಾಖ ಕುಡಿಯುವುದೂ ಕಡಿಮೆ, ಆಳದಿಂದ ಮೇಲಕ್ಕೆ ಸಾಗಿಸುವುದೂ ಕಡಿಮೆ. ಮುನ್ಸೂಚನೆ ಬಂದ ಕೂಡಲೆ, ಒಂದೆರಡು ದಿನ ಮೊದಲು, ಮೇಲಿನ 30 ಸೆಂಟಿಮೀಟರ್ ಮಣ್ಣು ನೆನೆಯುವಷ್ಟು ನೀರು ಕೊಡಿ, ಕೆಸರಾಗುವಷ್ಟು ಬೇಡ. ತರಗೆಲೆ, ಹುಲ್ಲಿನ ಮಲ್ಚಿಂಗ್ ಬೇಸಿಗೆಯಲ್ಲಿ ಎಷ್ಟು ಒಳ್ಳೆಯದೋ ಹೂ ಬಿಡುವ ಈ ಕೆಲವು ವಾರ ಅಷ್ಟೇ ಕೆಟ್ಟದ್ದು: ಶಾಖವನ್ನು ಮಣ್ಣಿನೊಳಗೇ ಕಟ್ಟಿಹಾಕುತ್ತದೆ. ಪಕ್ಕಕ್ಕೆ ಎಳೆದಿಡಿ. ಹುಲ್ಲು ಬೆಳೆದಿದ್ದರೆ ಗಿಡ್ಡ ಕತ್ತರಿಸಿ. ಅಗೆದು ಸಡಿಲಿಸುವುದು ಬೇಡ. ಬರಿದಾದ, ಗಟ್ಟಿಯಾದ, ತೇವದ ನೆಲವೇ ಬೇಕಾದದ್ದು.

ಪ್ಲಾಸ್ಟಿಕ್ ಹಾಳೆ, ಟಾರ್ಪಾಲು, ಹಳೆಯ ಬೆಡ್‌ಶೀಟು

ತೆಳ್ಳನೆಯ ಪಾರದರ್ಶಕ ಪಾಲಿಥೀನ್ ಗಾಳಿ ತಡೆಯುತ್ತದೆ, ಆದರೆ ನೆಲದಿಂದ ಹೊರಡುವ ಇನ್‌ಫ್ರಾರೆಡ್ ಕಿರಣ ಅದರ ಮೂಲಕ ಸರಾಗವಾಗಿ ದಾಟಿಹೋಗುತ್ತದೆ. ಒಳಮೈಗೆ ನೀರಿನ ಹನಿ ಕಟ್ಟಿದ ಮೇಲೆ ಸ್ವಲ್ಪ ತಡೆ ಬರುತ್ತದೆ. ಒಣಹವೆಯಲ್ಲಿ ಅದೂ ಇಲ್ಲ. ತಿಳಿ ಆಕಾಶದ, ಗಾಳಿ ನಿಂತ ರಾತ್ರಿ ಒಳಗಿನ ಉಷ್ಣಾಂಶ ಹೊರಗಿಗಿಂತ ಕೆಳಗಿಳಿಯುವುದೂ ಉಂಟು. ಬೆಳಗಾದರೆ ಇನ್ನೊಂದು ಫಜೀತಿ: ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಒಳಗೆ ಕಾದು ಎಳೆ ಎಲೆ ಬೇಯುತ್ತದೆ. ಮರಕ್ಕೆ ನೇರವಾಗಿ ಹೊದಿಸಲು ಇದು ಬೇಡ. ಮಳೆಯ ಮುನ್ಸೂಚನೆ ಇದ್ದರೆ ಬಟ್ಟೆ ಒದ್ದೆಯಾಗದಂತೆ ಅದರ ಮೇಲಿನ ಪದರವಾಗಿ ರಾತ್ರಿಗಷ್ಟೇ ಹಾಕಬಹುದು.

ಒಂದು ಕಡೆ ಮಾತ್ರ ಪ್ಲಾಸ್ಟಿಕ್ಕೇ ಮೇಲು. ಗೋಡೆಗೆ ಹಬ್ಬಿಸಿದ ಪೀಚ್ ಮರಕ್ಕೆ ಮೊಗ್ಗು ಉಬ್ಬುವ ಮೊದಲೇ ಸೂರಿನ ಹಾಗೆ ಮುಂದಕ್ಕೆ ಚಾಚಿದ ಹಾಳೆ ಕಟ್ಟಿದರೆ ಮಳೆನೀರು ಕೊಂಬೆಗೆ ಬೀಳದೆ ಎಲೆಮುರುಟು ರೋಗದ ಶಿಲೀಂಧ್ರಕ್ಕೆ ದಾರಿ ತಪ್ಪುತ್ತದೆ. ಗೋಡೆಯ ಶಾಖ ಸೇರಿ ಫ್ರಾಸ್ಟ್‌ಗೂ ತಕ್ಕಮಟ್ಟಿನ ತಡೆ. ಪಕ್ಕಗಳನ್ನೂ ಕೆಳಗನ್ನೂ ತೆರೆದಿಡಿ, ಗಾಳಿಯೂ ಜೇನೂ ಬರಲಿ.

ಬೆಡ್‌ಶೀಟು ತುರ್ತಿಗೆ ಆಗುತ್ತದೆ, ಒಣಗಿದ್ದರೆ. ಟಾರ್ಪಾಲು ಭಾರ, ಬೆಳಕು ಬಿಡುವುದಿಲ್ಲ, ಗಟ್ಟಿ ಚೌಕಟ್ಟಿಲ್ಲದೆ ಹಾಕಿದರೆ ಕೊಂಬೆ ಮುರಿಯುತ್ತದೆ.

ಬಲ್ಬಿನ ಸರ, ನೀರಿನ ಬಕೆಟ್ಟು

ಹೊದಿಕೆಯೊಳಗೆ ಸೀರಿಯಲ್ ಬಲ್ಬು ಹಾಕುವುದು ಹಳೆಯ ಉಪಾಯ, ಲೆಕ್ಕಕ್ಕೂ ನಿಲ್ಲುತ್ತದೆ. ಆದರೆ ತಂತಿ ಕಾಯುವ ಹಳೆಯ ಬಲ್ಬಾದರೆ ಮಾತ್ರ. 7 ವ್ಯಾಟಿನ 25 ಬಲ್ಬಿನ ಸರ 175 ವ್ಯಾಟ್ ಶಾಖ ಕೊಡುತ್ತದೆ. 3 ಮೀಟರ್ ಚೌಕದ ನೆಲ ತೆರೆದ ಆಕಾಶಕ್ಕೆ ಕಳೆದುಕೊಳ್ಳುವುದು 450ರಿಂದ 900 ವ್ಯಾಟ್. ಅದರ ಎದುರು ಇದು ಪೂರ್ತಿಯಲ್ಲ, ಆದರೂ ಹೊದಿಕೆ ನಷ್ಟ ತಗ್ಗಿಸಿದ ಮೇಲೆ ಒಂದೆರಡು ಡಿಗ್ರಿ ಏರಿಸಲು ಸಾಕು. ಎಲ್‌ಇಡಿ ಸರ ಬೆಳಕು ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಂಥ ಶಾಖವಿಲ್ಲ. ಈ ಕೆಲಸಕ್ಕೆ ದಂಡ. ಸರವನ್ನು ಕೆಳಗಿನ ಕೊಂಬೆಗಳಲ್ಲಿ ಸುತ್ತಿ, ಬಿಸಿ ತಾನೇ ಮೇಲೇರುತ್ತದೆ. ಬಲ್ಬು ಬಟ್ಟೆಗೆ ತಾಗದಿರಲಿ, ಪಾಲಿಪ್ರೊಪಿಲೀನ್ ಕರಗುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಸರ, ಸೋರಿಕೆ ಕಂಡ ಕೂಡಲೆ ಕರೆಂಟು ಕಡಿಯುವ ಆರ್‌ಸಿಸಿಬಿ ಇರುವ ಲೈನು, ನೆಲದಿಂದ ಎತ್ತರದಲ್ಲಿ ನೀರು ಬೀಳದ ಹಾಗೆ ಇಟ್ಟ ಜೋಡಣೆ: ಈ ಮೂರೂ ಇಲ್ಲದಿದ್ದರೆ ಬಲ್ಬಿನ ಗೋಜಿಗೇ ಹೋಗಬೇಡಿ.

ಕರೆಂಟು ಎಳೆಯಲಾಗದ ಕಡೆ ನೀರು. 15 ಡಿಗ್ರಿಯ 20 ಲೀಟರ್ ನೀರು ಸೊನ್ನೆಗಿಳಿಯುವಾಗ ಸುಮಾರು 1,250 ಕಿಲೋಜೂಲ್ ಬಿಡುತ್ತದೆ. ಎಂಟು ಗಂಟೆಗೆ ಹಂಚಿದರೆ 43 ವ್ಯಾಟ್. ನಾಲ್ಕು ಬಕೆಟ್ಟಿಟ್ಟರೆ ಬಲ್ಬಿನ ಸರದ ಹತ್ತಿರ ಹತ್ತಿರ ಎಂದು ಕಾಗದದಲ್ಲಿ ಬರುತ್ತದೆ, ಆದರೆ ನೀರು ತಣ್ಣಗಾಗುತ್ತಾ ಬಂದ ಹಾಗೆ ಶಾಖ ಬಿಡುವುದೂ ನಿಧಾನವಾಗುತ್ತದೆ, ಅಂದರೆ ಬೇಕಾದ ಬೆಳಗಿನ ಜಾವಕ್ಕೇ ಕಡಿಮೆ. ಎಳೆಯ ಗಿಡಕ್ಕೆ ಸಾಕು. ಬಿಸಿನೀರು ಇಡುವುದಾದರೆ ಮುಚ್ಚಳ ಹಾಕಿ. ಆವಿ ಹೂವಿನ ಮೇಲೆ ಕೂತು ಹೆಪ್ಪುಗಟ್ಟಬಾರದು.

ಸ್ಪ್ರಿಂಕ್ಲರ್: ಮನೆಯ ನಲ್ಲಿಗೆ ಸಲ್ಲದ್ದು

ದೊಡ್ಡ ತೋಟಗಳಲ್ಲಿ ಮರಕ್ಕೆ ರಾತ್ರಿಯಿಡೀ ನೀರು ಸಿಂಪಡಿಸಿ ಹೂವನ್ನು ಮಂಜುಗಡ್ಡೆಯೊಳಗೇ ಉಳಿಸುವುದು ನಿಜ. ಒಂದು ಕಿಲೋ ನೀರು ಹೆಪ್ಪುಗಟ್ಟುವಾಗ 334 ಕಿಲೋಜೂಲ್ ಶಾಖ ಹೊರಬರುತ್ತದೆ, ಗಡ್ಡೆಯ ಮೇಲೆ ನೀರು ಬೀಳುತ್ತಿರುವವರೆಗೆ ಹೂವು ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಅದೇ ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2,500 ಕಿಲೋಜೂಲ್ ಹೀರಿಕೊಳ್ಳುತ್ತದೆ, ಏಳೂವರೆ ಪಟ್ಟು. ನೀರು ನಡುವೆ ನಿಂತರೆ ಲೆಕ್ಕ ತಿರುಗಿಬಿಟ್ಟು ಏನೂ ಮಾಡದ ಮರಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

ಶುರುಮಾಡುವ ಹೊತ್ತೂ ಜಟಿಲ. ಹವೆ ಒಣಗಿದ್ದು ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗಿ ಕೂರತೊಡಗುವ ಉಷ್ಣಾಂಶ) ಮೈನಸ್ 6 ಇರುವ ರಾತ್ರಿ, ಗಾಳಿ ಇನ್ನೂ 3 ಡಿಗ್ರಿಯಲ್ಲಿರುವಾಗಲೇ ನೆನೆದ ಹೂವು ಸೊನ್ನೆ ಮುಟ್ಟುತ್ತದೆ. ಅದಕ್ಕೂ ಮೊದಲೇ ನಲ್ಲಿ ತಿರುಗಿಸಿರಬೇಕು, ಬೆಳಿಗ್ಗೆ ಗಡ್ಡೆ ಕರಗಿ ಉದುರುವವರೆಗೆ ನಿಲ್ಲಿಸಕೂಡದು. ಲಘು ಫ್ರಾಸ್ಟ್‌ಗೇ ಗಂಟೆಗೆ 3 ಮಿಲಿಮೀಟರ್ ಬೇಕು: 9 ಚದರ ಮೀಟರಿಗೆ ಗಂಟೆಗೆ 27 ಲೀಟರ್, ಹತ್ತು ಗಂಟೆಗೆ 270. ನೀರಿಗಿಂತ ದೊಡ್ಡ ತೊಡಕು ಸ್ಪ್ರಿಂಕ್ಲರಿನ ಮೂತಿ ಸುತ್ತುವ ವೇಗ. ಹುಲ್ಲಿಗೆ ಹಾಕುವ ಸ್ಪ್ರಿಂಕ್ಲರ್ ಒಂದು ಸುತ್ತು ಬರುವಷ್ಟರಲ್ಲಿ ಹೂವಿನ ಮೇಲಿನ ನೀರು ಹೆಪ್ಪುಗಟ್ಟಿ ಮತ್ತೆ ತಣ್ಣಗಾಗಿರುತ್ತದೆ. ಗಡ್ಡೆಯ ಭಾರಕ್ಕೆ ಕೊಂಬೆ ಸೀಳುವುದು, ಬುಡದಲ್ಲಿ ನೀರು ನಿಲ್ಲುವುದು ಬೇರೆ. ಕೈತೋಟಕ್ಕೆ ಬೇಡವೇ ಬೇಡ.

ಮೇಣ, ಹೊಗೆ, ದ್ರಾವಣ

ಮೇಣ ತುಂಬಿದ ಡಬ್ಬಿಗಳು ದ್ರಾಕ್ಷಿ ತೋಟಗಳಲ್ಲಿ ಹೆಕ್ಟೇರಿಗೆ ನೂರಾರು ಉರಿಯುತ್ತವೆ. ಅಷ್ಟು ಒಟ್ಟಿಗೆ ಉರಿದರೇ ಮೇಲಿನ ಬೆಚ್ಚನೆ ಗಾಳಿ ಮತ್ತು ಕೆಳಗಿನ ತಣ್ಣನೆ ಗಾಳಿ ಬೆರೆಯುವುದು. ಒಂದು ಮರದ ಕೆಳಗೆ ಎರಡು ಡಬ್ಬಿ ಇಟ್ಟರೆ ಬಿಸಿ ನೇರ ಮೇಲಕ್ಕೆ ಹೋಗುತ್ತದೆ. ಹೊದಿಕೆಯೊಳಗೆ ಇಡುವುದಂತೂ ಬೆಂಕಿಗೆ ಕೊಟ್ಟ ಕರೆ. ಹಸಿಸೊಪ್ಪು ಸುಟ್ಟು ಹೊಗೆ ಹಾಕುವ ಪದ್ಧತಿ ಹಲವು ಕಡೆ ಇದೆ. ಹೊಗೆಯ ಕಣಗಳು ತೀರಾ ಸಣ್ಣವು, ನೆಲದಿಂದ ಹೋಗುವ ಇನ್‌ಫ್ರಾರೆಡ್ ಕಿರಣವನ್ನು ತಡೆಯುವುದಿಲ್ಲ. ಬೆಳಿಗ್ಗೆ ಬಿಸಿಲನ್ನು ಮಾತ್ರ ತಡೆದು ಮರ ಬೆಚ್ಚಗಾಗುವುದನ್ನು ತಡಮಾಡುತ್ತದೆ. ಎಲೆಯ ಮೇಲೆ ಪೊರೆ ಕಟ್ಟುವ ದ್ರಾವಣಗಳ ಫಲ ಒಂದೇ ಸಮನೆ ಬರುವುದಿಲ್ಲ. ಅವುಗಳನ್ನು ನಂಬಿ ಬಟ್ಟೆ ಬಿಡುವ ಹಾಗಿಲ್ಲ, ಬಟ್ಟೆ ಇದ್ದ ಮೇಲೆ ಅವು ಬೇಕಾಗಿಲ್ಲ.

ಥರ್ಮಾಮೀಟರ್

ಎರಡನೆಯ ಖರೀದಿ ಇದೇ ಆಗಿರಬೇಕು. ಹವಾಮಾನ ಮುನ್ಸೂಚನೆಯ ಅಂಕಿ ಆಳೆತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಅಳೆಯುವ ಉಷ್ಣಾಂಶಕ್ಕೆ ಸೇರಿದ್ದು. ತಗ್ಗಿನ ತೋಟದಲ್ಲಿ, ಮೊಣಕಾಲೆತ್ತರದ ಕೊಂಬೆಯಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಇರಬಹುದು. ಮುನ್ಸೂಚನೆ 3 ಡಿಗ್ರಿ, ಆಕಾಶ ತಿಳಿ, ಗಾಳಿಯಿಲ್ಲ ಎಂದರೆ ನಮ್ಮ ಲೆಕ್ಕದಲ್ಲಿ ಹೊದಿಸುವ ರಾತ್ರಿ. ಇಬ್ಬನಿ ಬಿಂದು ಸೊನ್ನೆಗಿಂತ ಬಹಳ ಕೆಳಗಿದ್ದರೆ ಇನ್ನೂ ಎಚ್ಚರ: ಬಿಳಿಹಿಮ ಕಾಣಿಸಿಕೊಳ್ಳದೆಯೇ ಹೂವು ಕಪ್ಪಾಗುತ್ತದೆ.

ಕನಿಷ್ಠ-ಗರಿಷ್ಠ ನೆನಪಿಡುವ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮಾದರಿ ಸಾಕು. ಇವುಗಳಲ್ಲಿ ಅರ್ಧದಿಂದ ಒಂದು ಡಿಗ್ರಿ ಆಚೀಚೆ ಸಾಮಾನ್ಯ; ಉಳಿಯುವ ಹೂವಿಗೂ ಸಾಯುವ ಹೂವಿಗೂ ಎರಡೇ ಡಿಗ್ರಿ ಅಂತರವಿರುವಾಗ ಅದು ಸಣ್ಣ ತಪ್ಪಲ್ಲ. ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ, ಸಂದು ತುಂಬುವಷ್ಟು ನೀರು, ಚೆನ್ನಾಗಿ ಕದಡಿ ಸೆನ್ಸರ್ ಮುಳುಗಿಸಿ ಮೂರು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. 0.8 ತೋರಿಸಿದರೆ ಆ 0.8 ಅನ್ನು ಚೀಟಿಯಲ್ಲಿ ಬರೆದು ಅದರ ಬೆನ್ನಿಗೇ ಅಂಟಿಸಿ, ಪ್ರತಿ ಸಲ ಕಳೆಯಿರಿ. ಸಾಧ್ಯವಿದ್ದರೆ ಎರಡು ಇಡಿ, ಹೊದಿಕೆಯೊಳಗೆ ಹೂವಿನ ಎತ್ತರಕ್ಕೊಂದು, ಹೊರಗೆ ಅದೇ ಎತ್ತರಕ್ಕೊಂದು. ನಿಮ್ಮ ಬಟ್ಟೆ ನಿಜವಾಗಿ ಎಷ್ಟು ಡಿಗ್ರಿ ಕಾಯುತ್ತಿದೆ ಎಂಬುದು ಆಗ ಗೊತ್ತಾಗುತ್ತದೆ. ಒಂದು ಡಿಗ್ರಿಯೂ ಇಲ್ಲವಾದರೆ ಬಟ್ಟೆಯನ್ನು ಬೈಯುವ ಮೊದಲು ಸೆರಗು ಎಲ್ಲಿ ಎದ್ದಿದೆ ಎಂದು ಹುಡುಕಿ.

ಮರುದಿನ, ಮತ್ತು ಋತು ಮುಗಿದ ಮೇಲೆ

ಹೂವು ಉಳಿಯಿತೇ ಎಂದು ಎಸಳು ನೋಡಿ ಹೇಳಲಾಗದು. ಹಿಮ ಕರಗಿ ಕೆಲವು ಗಂಟೆ ಕಳೆಯಲಿ, ಮರುದಿನವಾದರೆ ಇನ್ನೂ ಸ್ಪಷ್ಟ. ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಿ; ನಡುವಿನ ಕಡ್ಡಿ ಮತ್ತು ಅದರ ಬುಡದ ಅಂಡಾಶಯ ತಿಳಿಹಸಿರಾಗಿದ್ದರೆ ಜೀವ ಇದೆ, ಕಂದು ಅಥವಾ ಕಪ್ಪಾಗಿದ್ದರೆ ಎಸಳು ಎಷ್ಟು ತಾಜಾ ಇದ್ದರೂ ಕಾಯಿಯಾಗದು. ಮೇಲೆ ಕೆಳಗೆ, ನಾಲ್ಕೂ ದಿಕ್ಕಿನಿಂದ ಐವತ್ತು ಹೂವಾದರೂ ನೋಡಿ. ಫ್ರಾಸ್ಟ್ ಅಪಾಯ ಪೂರ್ತಿ ಕಳೆಯುವವರೆಗೆ ಹೆಚ್ಚಿನ ಕಾಯಿ ಕಿತ್ತು ತೆಳುಮಾಡಬೇಡಿ. ಫಸಲು ಹೋದದ್ದು ಖಾತ್ರಿಯಾದರೆ ಸಾರಜನಕ ಗೊಬ್ಬರ ತಗ್ಗಿಸಿ. ಕಾಯಿಯಿಲ್ಲದ ಮರ ಅದನ್ನೆಲ್ಲ ಬೇಡದ ಚಿಗುರಿಗೆ ಸುರಿಯುತ್ತದೆ.

ಬಟ್ಟೆಯನ್ನು ಒದ್ದೆಯಿರುವಾಗ ಮಡಿಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಕೊಳೆಯಾಗಿದ್ದರೆ ಬ್ಲೀಚ್ ಹಾಕದೆ ತಣ್ಣೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಹರವಿ, ಇಲಿ ನುಗ್ಗದ ಮುಚ್ಚಳದ ಡಬ್ಬದಲ್ಲಿಡಿ. ಒಳ್ಳೆಯ 30 ಜಿಎಸ್‌ಎಂ ಬಟ್ಟೆ ರಾತ್ರಿ ಮಾತ್ರ ಬಳಸಿದರೆ ಮೂರು ನಾಲ್ಕು ಋತು ಬರುತ್ತದೆ. ಅಂಚನ್ನು ಎರಡು ಬೆರಳಲ್ಲಿ ಎಳೆದಾಗ ಕಾಗದದಂತೆ ಹರಿದರೆ ಬಿಸಿಲು ಅದರ ಎಳೆ ತಿಂದಿದೆ. ಮುಂದಿನ ಮೊಗ್ಗಿಗೆ ಮೊದಲು ಹೊಸದು ತನ್ನಿ. ಹಳೆಯದನ್ನು ತರಕಾರಿ ಮಡಿಗೆ ಕತ್ತರಿಸಿ ಹಾಕಲು ಹೋಗಬೇಡಿ, ಪುಡಿಯಾದ ಪ್ಲಾಸ್ಟಿಕ್ ಎಳೆ ಮಣ್ಣಿಗೆ ಸೇರಿದರೆ ಹೆಕ್ಕಿ ತೆಗೆಯಲಾಗುವುದಿಲ್ಲ.